ಗ್ರಂಥಾಲಯಕ್ಕೆ ಬಂದ ಪೆಟ್ಟಿಗೆ: ಒಂದು ತಂಬಾಕು ಕಂಪೆನಿ ಮರಳಿ ಕೇಳಿದ ಕಾಗದಪತ್ರಗಳ ವೃತ್ತಾಂತ

ಚರಿತ್ರೆಯ ಆಧಾರಸಾಮಗ್ರಿಗಳ ಮಾತು ಬಂದಾಗ ನಾವು ಶಾಸನಗಳನ್ನೂ ನಾಣ್ಯಗಳನ್ನೂ ಸರ್ಕಾರದ ಕಡತಗಳನ್ನೂ ನೆನೆಯುತ್ತೇವೆ. ವ್ಯಾಪಾರಸಂಸ್ಥೆಗಳ ಕಾಗದಪತ್ರಗಳು ನಮ್ಮ ಎಣಿಕೆಗೆ ಬರುವುದು ಅಪರೂಪ. ಈಸ್ಟ್ ಇಂಡಿಯಾ ಕಂಪೆನಿಯ ದಫ್ತರಗಳು ಇದಕ್ಕೆ ಅಪವಾದವೆಂದು ತೋರಬಹುದು. ಆದರೆ ಆ ಕಂಪೆನಿಯು ಸರ್ಕಾರವಾಗಿ ಪರಿಣಮಿಸಿದ್ದರಿಂದಲೇ ಅದರ ದಫ್ತರಗಳು ನಮಗೆ ಉಳಿದು ಬಂದವು. ಶುದ್ಧ ವ್ಯಾಪಾರದಲ್ಲಿಯೇ ನಿಂತ ಸಂಸ್ಥೆಗಳ ಪತ್ರವ್ಯವಹಾರವು ಅವುಗಳ ಸ್ವಂತ ಸ್ವತ್ತು. ಇಟ್ಟುಕೊಳ್ಳುವುದೂ ಸುಡುವುದೂ ಅವುಗಳ ಇಚ್ಛೆಗೆ ಸೇರಿದ್ದು. ಹೀಗಿರುವಲ್ಲಿ, ಅಂಥ ಕಾಗದಪತ್ರಗಳು ಯಾವುದೋ ಮಾರ್ಗದಿಂದ ಹೊರಬಂದು ಸಾರ್ವಜನಿಕ ಗ್ರಂಥಾಲಯವೊಂದನ್ನು ಸೇರಿ, ಯಾರು ಬೇಕಾದರೂ ಓದಬಹುದಾದ ಸ್ಥಿತಿಗೆ ಬಂದ ಮೇಲೆ, ಕಂಪೆನಿಯು 'ಅವು ನಮ್ಮವು, ತೆಗೆದುಹಾಕಿ' ಎಂದು ಕೇಳಿದರೆ ಗ್ರಂಥಾಲಯವು ಏನು ಮಾಡಬೇಕು? ಈ ಪ್ರಶ್ನೆಗೆ 1995ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ದೊರೆತ ಉತ್ತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಪೆನಿಯ ಹೆಸರು ಬ್ರೌನ್ ಅಂಡ್ ವಿಲಿಯಮ್ಸನ್. ಅದರ ಮುಖ್ಯ ಕಚೇರಿ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದ್ದಿತು. 1902ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಎಂಬ ಲಂಡನ್ನಿನ ಸಂಸ್ಥೆಯು 1927ರಲ್ಲಿ ಇದನ್ನು ಕೊಂಡುಕೊಂಡಿತು. ಅಂದಿನಿಂದ ಸಾಗರದ ಎರಡು ದಡಗಳ ನಡುವೆ ಪತ್ರಗಳೂ ಪ್ರಯೋಗವರದಿಗಳೂ ಓಡಾಡುತ್ತಿದ್ದವು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬ ವೈದ್ಯರ ಅಭಿಪ್ರಾಯ 1950ರ ದಶಕದಲ್ಲಿ ಬಲಗೊಂಡಾಗ, ಈ ಸಂಸ್ಥೆಗಳು ಬಹಿರಂಗವಾಗಿ ಅದನ್ನು ಅಲ್ಲಗಳೆಯುತ್ತ, ಒಳಗಿನಿಂದ ತಾವೇ ಸಂಶೋಧನೆ ನಡೆಸಿದವು. 'ಹಿಪ್ಪೊ', 'ಏರಿಯಲ್', 'ಜೇನಸ್' ಮೊದಲಾದ ಗುಪ್ತನಾಮಗಳು ಆ ಸಂಶೋಧನೆಗಳಿಗೆ ಇದ್ದವು. ಇವುಗಳಲ್ಲಿ ಹಿಪ್ಪೊ ಎಂಬುದು ಜಿನೀವಾದ ಬ್ಯಾಟೆಲ್ ಸಂಸ್ಥೆಯಲ್ಲಿ ನಿಕೋಟಿನ್ ವಸ್ತುವಿನ ಪರಿಣಾಮವನ್ನು ಕುರಿತು ನಡೆದ ಅಧ್ಯಯನ.

ಮೊಕದ್ದಮೆಗಳ ಭಯ ಹೆಚ್ಚುತ್ತ ಹೋದಂತೆ ಈ ಕಾಗದಗಳನ್ನು ಓದಿ, ವಿಂಗಡಿಸಿ, ಯಾವುದು ಅಪಾಯಕಾರಿ ಯಾವುದು ನಿರುಪದ್ರವಿ ಎಂದು ಗುರುತುಹಾಕುವ ಕೆಲಸವನ್ನು ಕಂಪೆನಿಯು ಲೂಯಿವಿಲ್‌ನ ವಕೀಲರ ಸಂಸ್ಥೆಯೊಂದಕ್ಕೆ ವಹಿಸಿತು. ಅಲ್ಲಿ 1988ರಿಂದ 1992ರವರೆಗೆ ಮೆರೆಲ್ ವಿಲಿಯಮ್ಸ್ ಎಂಬ ಸಹಾಯಕನಿದ್ದನು. ಹಿಂದೆ ನಾಟಕಶಾಸ್ತ್ರದ ಅಧ್ಯಾಪಕನಾಗಿದ್ದ ಈತನು ತಾನು ವಿಂಗಡಿಸುತ್ತಿದ್ದ ಕಾಗದಗಳನ್ನು ಬಟ್ಟೆಯ ಒಳಗೆ ಅಡಗಿಸಿ ಹೊರಗೆ ಒಯ್ದು, ನೆರಳಚ್ಚು ಮಾಡಿಸಿ, ಮೂಲಗಳನ್ನು ತಂದು ಮತ್ತೆ ಇದ್ದಲ್ಲಿಯೇ ಇಡುತ್ತಿದ್ದನು. ಹೀಗೆ ಕೂಡಿದ ಪುಟಗಳು ಸುಮಾರು 4,000. ಆತನೂ ಸಿಗರೇಟು ಸೇದುತ್ತಿದ್ದವನು. 1993ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಬಳಿಕ ಆತನ ವಕೀಲರು ಕಾಗದಗಳ ಪೆಟ್ಟಿಗೆಯನ್ನು ಆ ಸಂಸ್ಥೆಗೆ ಹಿಂತಿರುಗಿಸಿ ಪರಿಹಾರವನ್ನು ಕೇಳಿದರು. ಪ್ರತಿಯಾಗಿ ಕೆಂಟಕಿಯ ನ್ಯಾಯಾಲಯದಲ್ಲಿ ಆತನ ಮೇಲೆ ದಾವೆ ಬಂದು, ಆ ಕಾಗದಗಳ ವಿಷಯವನ್ನು ಯಾರೊಡನೆಯೂ ಎತ್ತಕೂಡದೆಂದು ತಡೆಯಾಜ್ಞೆ ಹೊರಟಿತು. ಆದರೆ ಆತನ ಬಳಿ ಇನ್ನೊಂದು ಪ್ರತಿ ಉಳಿದಿದ್ದಿತು. ಅದು 1994ರಲ್ಲಿ ಮಿಸಿಸಿಪ್ಪಿಯ ವಕೀಲ ರಿಚರ್ಡ್ ಸ್ಕ್ರಗ್ಸ್ ಅವರ ಕೈಸೇರಿತು. ಅವರಿಂದ ಆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಮೈಕ್ ಮೂರ್ ಅವರಿಗೂ, ಅಮೆರಿಕದ ಪ್ರತಿನಿಧಿಸಭೆಯ ಸದಸ್ಯ ಹೆನ್ರಿ ವ್ಯಾಕ್ಸ್‌ಮನ್ ಅವರಿಗೂ ಅದು ತಲುಪಿತು. ಮುಂದೆ ಸ್ಕ್ರಗ್ಸ್ ಅವರಿಂದ ವಿಲಿಯಮ್ಸನಿಗೆ ಮನೆ ಕೊಳ್ಳಲು ಹಣದ ನೆರವು ದೊರೆತದ್ದೂ ಉಂಟು. ಆಧಾರದ ಪೂರ್ವಾಪರವನ್ನು ವಿಚಾರಿಸದೆ ಆಧಾರವನ್ನು ಉಪಯೋಗಿಸಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠವಾದ ಕಾರಣ ಈ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ.

ಆ ವಸಂತಕಾಲವೇ ತಂಬಾಕು ಉದ್ಯಮಕ್ಕೆ ಕಷ್ಟಕಾಲ. 1994ರ ಏಪ್ರಿಲ್ 14ರಂದು ಏಳು ದೊಡ್ಡ ಕಂಪೆನಿಗಳ ಮುಖ್ಯಸ್ಥರು ವ್ಯಾಕ್ಸ್‌ಮನ್ ಅವರ ಉಪಸಮಿತಿಯ ಮುಂದೆ ಪ್ರಮಾಣಮಾಡಿ, ನಿಕೋಟಿನ್ ಚಟ ಹತ್ತಿಸುವ ವಸ್ತುವೆಂದು ತಾವು ನಂಬುವುದಿಲ್ಲವೆಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಬ್ರೌನ್ ಅಂಡ್ ವಿಲಿಯಮ್ಸನ್‌ನ ಥಾಮಸ್ ಸ್ಯಾಂಡಿಫರ್ ಅವರೂ ಅವರಲ್ಲಿ ಒಬ್ಬರು. ನಾಲ್ಕು ವಾರಗಳು ಕಳೆಯುವುದರೊಳಗೆ, ಮೇ 7ರಂದು, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯು ಆ ಕಂಪೆನಿಯ ಒಳಗಿನ ಕಾಗದಗಳ ಆಧಾರದ ಮೇಲೆ ಒಂದು ವರದಿಯನ್ನು ಪ್ರಕಟಿಸಿತು. ಕಂಪೆನಿಯ ಮುಖ್ಯ ಕಾನೂನು ಸಲಹೆಗಾರರಾಗಿದ್ದ ಆಡಿಸನ್ ಯೇಮನ್ ಅವರು 1963ರ ಜುಲೈ ತಿಂಗಳಿನಲ್ಲಿಯೇ, ನಿಕೋಟಿನ್ ಚಟ ಹತ್ತಿಸುವ ವಸ್ತುವೆಂದೂ ತಮ್ಮ ನಿಜವಾದ ವ್ಯಾಪಾರವು ಆ ವಸ್ತುವಿನದೇ ಎಂದೂ ಟಿಪ್ಪಣಿ ಬರೆದಿದ್ದುದು ಈ ಕಾಗದಗಳಿಂದ ತಿಳಿದುಬಂದಿತು. 1963ರ ಟಿಪ್ಪಣಿಗೂ 1994ರ ಪ್ರಮಾಣವಚನಕ್ಕೂ ನಡುವೆ 31 ವರ್ಷಗಳ ಅಂತರ.

ಮೇ 12ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಟಾಂಟನ್ ಗ್ಲಾಂಟ್ಸ್ ಅವರ ಕೊಠಡಿಗೆ ಒಂದು ಪೆಟ್ಟಿಗೆ ಬಂದಿತು. ಕಳುಹಿಸಿದವರ ಹೆಸರಿನ ಸ್ಥಳದಲ್ಲಿ 'ಮಿಸ್ಟರ್ ಬಟ್ಸ್' ಎಂದಿದ್ದಿತು. ಇದು ಗ್ಯಾರಿ ಟ್ರೂಡೋ ಎಂಬ ವ್ಯಂಗ್ಯಚಿತ್ರಕಾರರ 'ಡೂನ್ಸ್‌ಬರಿ' ಎಂಬ ಚಿತ್ರಮಾಲೆಯಲ್ಲಿ ಬರುವ ಸಿಗರೇಟು ಪಾತ್ರದ ಹೆಸರು. ಪೆಟ್ಟಿಗೆಯಲ್ಲಿದ್ದದ್ದು ಸುಮಾರು 4,000 ಪುಟಗಳು. ಗ್ಲಾಂಟ್ಸ್ ಅವರು ಆ ಕಾಲಕ್ಕಾಗಲೇ ಧೂಮಪಾನದ ವಿರುದ್ಧ ಹೋರಾಡುವವರೆಂದು ಹೆಸರಾದವರು. ಅವರು ಕಾಗದಗಳನ್ನು ತಮ್ಮ ಬೀರುವಿನಲ್ಲಿಯೇ ಇಟ್ಟುಕೊಂಡಿದ್ದರೆ ಈ ಲೇಖನಕ್ಕೆ ವಿಷಯವಿರುತ್ತಿರಲಿಲ್ಲ. ಅವರು ಒಂದು ಪ್ರತಿಯನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯದ ಪತ್ರಾಗಾರಕ್ಕೆ ಕೊಟ್ಟರು. ಪತ್ರಾಗಾರದವರು ಅದನ್ನು ಇತರ ಸಂಗ್ರಹಗಳಂತೆಯೇ ವಾಚಕರ ಮುಂದೆ ಇಟ್ಟರು. ಪತ್ರಿಕೆಯವರೂ ವಕೀಲರೂ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಕುಳಿತು ಓದತೊಡಗಿದರು.

ಇಲ್ಲಿ ಒಂದು ವಿಷಯವನ್ನು ವಿವೇಚಿಸಬೇಕಾಗಿದೆ. ಈ ಕಾಗದಗಳು ಆಗ ಮೂರು ಸ್ಥಳಗಳಲ್ಲಿ ಬಹಿರಂಗವಾಗಿದ್ದವು: ಪತ್ರಿಕೆಯಲ್ಲಿ, ಪ್ರತಿನಿಧಿಸಭೆಯ ಉಪಸಮಿತಿಯಲ್ಲಿ ಮತ್ತು ಗ್ರಂಥಾಲಯದಲ್ಲಿ. ಕಂಪೆನಿಯವರು ಮೊದಲು ಉಪಸಮಿತಿಯ ಕಡೆಗೆ ತಿರುಗಿ, ವ್ಯಾಕ್ಸ್‌ಮನ್ ಅವರಿಗೂ ಇನ್ನೊಬ್ಬ ಸದಸ್ಯ ರಾನ್ ವೈಡನ್ ಅವರಿಗೂ ಸಮನ್ಸು ಕಳುಹಿಸಿದರು. ವಾಷಿಂಗ್ಟನ್ನಿನ ನ್ಯಾಯಾಧೀಶ ಹೆರಾಲ್ಡ್ ಗ್ರೀನ್ ಅವರು 1994ರ ಜೂನ್ ತಿಂಗಳಿನಲ್ಲಿ ಅದನ್ನು ರದ್ದುಪಡಿಸಿದರು. (ಅಮೆರಿಕದ ದೂರವಾಣಿ ಕಂಪೆನಿಯ ವಿಭಜನೆಯ ಮೊಕದ್ದಮೆಯನ್ನು ನಡೆಸಿದವರೂ ಇವರೇ.) ಶಾಸನಸಭೆಯ ಸದಸ್ಯರು ತಮ್ಮ ಶಾಸನಕಾರ್ಯಕ್ಕಾಗಿ ಪಡೆದ ಕಾಗದಗಳನ್ನು ಯಾರೂ ಹಿಂತಿರುಗಿಸೆಂದು ಕೇಳುವಂತಿಲ್ಲವೆಂಬುದು ಅಲ್ಲಿಯ ಸಂವಿಧಾನದ ವಿಧಿ, 1995ರಲ್ಲಿ ಮೇಲಿನ ನ್ಯಾಯಾಲಯವೂ ಆ ನಿರ್ಣಯವನ್ನೇ ಎತ್ತಿಹಿಡಿಯಿತು. ಆದರೆ ಕಂಪೆನಿಯ ಕಷ್ಟವನ್ನು ಈ ಭಾಗದಲ್ಲಿ ಪರಿಹರಿಸಿದ್ದು ನ್ಯಾಯಾಲಯವಲ್ಲ, ಚುನಾವಣೆ. 1994ರ ನವೆಂಬರಿನಲ್ಲಿ ಪ್ರತಿನಿಧಿಸಭೆಯ ಬಹುಮತ ಬದಲಾಯಿತು. ವ್ಯಾಕ್ಸ್‌ಮನ್ ಅವರು ಅಧ್ಯಕ್ಷಸ್ಥಾನವನ್ನು ಕಳೆದುಕೊಂಡರು, ತಂಬಾಕಿನ ನಾಡಾದ ವರ್ಜೀನಿಯಾದ ಥಾಮಸ್ ಬ್ಲೈಲಿ ಅವರು ಸಮಿತಿಯ ಮುಖ್ಯಸ್ಥರಾದರು, ವಿಚಾರಣೆ ನಿಂತುಹೋಯಿತು. ಇನ್ನು ಪತ್ರಿಕೆಯ ವರದಿಗಳು. ವರದಿಯೆಂದರೆ ಆಯ್ದ ನಾಲ್ಕು ಸಾಲುಗಳು. ಮರುದಿನದ ಸಂಚಿಕೆ ಬರುತ್ತಲೂ ಅದು ಹಳೆಯದಾಗುತ್ತದೆ. ಉಳಿದದ್ದು ಗ್ರಂಥಾಲಯ. ಅಲ್ಲಿ ಕಾಗದಗಳು ಇಡಿಯಾಗಿ, ಒಂದರ ಹಿಂದೆ ಒಂದು, ತಾರೀಖು ಸಹಿಗಳ ಸಮೇತ, ಯಾವ ಆತುರವೂ ಇಲ್ಲದ ಓದುಗನಿಗಾಗಿ ಕಾದಿದ್ದವು. ಪತ್ರಿಕೆಗಿಂತಲೂ ಶಾಸನಸಭೆಗಿಂತಲೂ ಒಂದು ಓದುವ ಮೇಜಿಗೆ ಕಂಪೆನಿಯು ಹೆಚ್ಚು ಹೆದರಿತೆಂದು ಹೇಳಿದರೆ ಅತಿಶಯೋಕ್ತಿಯಾದೀತೇನೊ; ಆದರೆ ಘಟನೆಗಳ ಅನುಕ್ರಮವು ಅದನ್ನೇ ಸೂಚಿಸುತ್ತದೆ.

1995ರ ಫೆಬ್ರವರಿ 3ರಂದು ಕಂಪೆನಿಯ ವಕೀಲರು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ಕಾಗದಗಳು ಕದ್ದ ಮಾಲು. ಅವನ್ನು ಒಡನೆಯೇ ಹಿಂತಿರುಗಿಸಬೇಕು. ಇಷ್ಟೇ ಆಗಿದ್ದರೆ ಅದೊಂದು ಸ್ವತ್ತಿನ ವ್ಯಾಜ್ಯ. ಆದರೆ ಪತ್ರದಲ್ಲಿ ಇನ್ನೊಂದು ಬೇಡಿಕೆಯೂ ಇದ್ದಿತು: ಆ ಕಾಗದಗಳನ್ನು ಯಾರು ಯಾರು ಓದಿದ್ದಾರೆಂಬುದನ್ನು ತಿಳಿಯಲು ಗ್ರಂಥಾಲಯದ ದಾಖಲೆಗಳನ್ನು ತಮಗೆ ತೋರಿಸಬೇಕು. ಅಷ್ಟರಲ್ಲಿಯೇ ಖಾಸಗಿ ಪತ್ತೇದಾರರು ಪತ್ರಾಗಾರದ ಓದುವ ಕೋಣೆಯ ಬಳಿ ಕಾಣಿಸಿಕೊಂಡು, ಅಲ್ಲಿ ಕುಳಿತು ಓದುವವರ ಮೇಲೆ ಕಣ್ಣಿಟ್ಟಿದ್ದರು.

ಈ ಎರಡನೆಯ ಬೇಡಿಕೆಯನ್ನು ಓದಿದಾಗ ನನಗೆ ನನ್ನದೇ ಒಂದು ಅನುಭವ ನೆನಪಾಗುತ್ತದೆ. ಸ್ನಾತಕೋತ್ತರ ಅಧ್ಯಯನದ ದಿನಗಳಲ್ಲಿ ಒಂದು ಕಚೇರಿಗೆ ಹಳೆಯ ಬೆಳೆಲೆಕ್ಕದ ಕಡತವೊಂದನ್ನು ನೋಡಲು ಹೋಗಿದ್ದೆ. ಕಡತವು ಸಾರ್ವಜನಿಕರಿಗೆ ಮುಕ್ತವಾದುದೇ. ಅದರ ಪಟ್ಟಿ ಅಚ್ಚಾಗಿಯೂ ಇದ್ದಿತು. ಗುಮಾಸ್ತರು ಕಡತವನ್ನು ಇಲ್ಲವೆನ್ನಲಿಲ್ಲ. ಒಂದು ದೊಡ್ಡ ಪುಸ್ತಕವನ್ನು ಮುಂದಿಟ್ಟು, "ತಮ್ಮ ಹೆಸರು, ತಂದೆಯ ಹೆಸರು, ಊರು, ಕಡತ ಏತಕ್ಕೆ ಬೇಕು, ಯಾರು ಕಳುಹಿಸಿದರು, ಎಲ್ಲವನ್ನೂ ಬರೆಯಿರಿ" ಎಂದರು. ನನ್ನೊಡನೆ ಬಂದಿದ್ದ ಸಹಪಾಠಿಯು ಬರೆಯದೆ ಎದ್ದು ಹೊರಟನು. ನಾನು ಬರೆದು ಓದಿದೆ; ಆದರೆ ಓದುತ್ತಿದ್ದಷ್ಟು ಹೊತ್ತೂ ಆ ಪುಸ್ತಕದ ಕಡೆಗೇ ನನ್ನ ಮನಸ್ಸು. ಕಡತವನ್ನು ಬಚ್ಚಿಡುವುದಕ್ಕೂ ಓದುವವನನ್ನು ಗುರುತಿಸಿಟ್ಟುಕೊಳ್ಳುವುದಕ್ಕೂ ಫಲದಲ್ಲಿ ಹೆಚ್ಚು ಅಂತರವಿಲ್ಲವೆಂದು ಆ ದಿನ ನನಗೆ ತೋರಿತು.

ವಿಶ್ವವಿದ್ಯಾನಿಲಯವು ಕಾಗದಗಳನ್ನು ಕೊಡಲೊಪ್ಪಲಿಲ್ಲ. ಫೆಬ್ರವರಿ ಮಧ್ಯದಲ್ಲಿ ಕಂಪೆನಿಯವರು ಸ್ಯಾನ್ ಫ್ರಾನ್ಸಿಸ್ಕೋದ ಮೇಲ್ದರ್ಜೆ ನ್ಯಾಯಾಲಯದಲ್ಲಿ ವಿಶ್ವವಿದ್ಯಾನಿಲಯದ ಆಡಳಿತಮಂಡಲಿಯ ಮೇಲೆ ದಾವೆ ಹೂಡಿದರು. ನ್ಯಾಯಾಧೀಶರು ಸ್ಟೂಅರ್ಟ್ ಪೊಲ್ಯಾಕ್. ಕಂಪೆನಿಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಕ್ಷಿಗಾರನು ತನ್ನ ವಕೀಲನೊಡನೆ ಆಡಿದ ಮಾತು ಗೋಪ್ಯವೆಂಬುದು ಆಂಗ್ಲ ನ್ಯಾಯಪದ್ಧತಿಯನ್ನು ಅನುಸರಿಸುವ ಎಲ್ಲ ದೇಶಗಳಲ್ಲಿಯೂ, ನಮ್ಮಲ್ಲಿಯೂ, ಒಪ್ಪಿತವಾದ ತತ್ತ್ವ. ಆ ಭರವಸೆಯಿಲ್ಲದಿದ್ದರೆ ಬಡವನೂ ವಕೀಲನ ಮುಂದೆ ನಿಜ ಹೇಳಲಾರನು. ವಕೀಲರ ಕಚೇರಿಯಿಂದ ಸಹಾಯಕನೊಬ್ಬನು ಕದ್ದು ತಂದ ಪತ್ರಗಳಿಗೆ ವಿಶ್ವವಿದ್ಯಾನಿಲಯವು ಆಶ್ರಯ ಕೊಡಬಹುದಾದರೆ ನಾಳೆ ಯಾವ ಪತ್ರಕ್ಕೆ ರಕ್ಷಣೆ? ಕಳವು ಕಳವೇ, ಗ್ರಂಥಾಲಯದ ಮುದ್ರೆ ಬಿದ್ದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

ಆದರೆ ಈ ಪತ್ರಗಳು ನಿಜವಾಗಿಯೂ ವಕೀಲನೊಡನೆ ಆಡಿದ ಗುಟ್ಟಿನ ಮಾತುಗಳೇ? ಇಲ್ಲಿಯೇ ಈ ಸಂಗ್ರಹದ ವೈಶಿಷ್ಟ್ಯವಿರುವುದು. ಇವುಗಳಲ್ಲಿ ಬಹುಭಾಗ ರಸಾಯನಶಾಸ್ತ್ರಜ್ಞರ ವರದಿಗಳು, ಮಾರಾಟ ವಿಭಾಗದ ಟಿಪ್ಪಣಿಗಳು, ಜಾಹೀರಾತಿನ ಲೆಕ್ಕಗಳು. ಚಲನಚಿತ್ರನಟ ಸಿಲ್ವೆಸ್ಟರ್ ಸ್ಟಲೋನ್ ಅವರು 5 ಲಕ್ಷ ಡಾಲರುಗಳಿಗೆ ಕನಿಷ್ಠ ಐದು ಚಿತ್ರಗಳಲ್ಲಿ ಕಂಪೆನಿಯ ಸಿಗರೇಟುಗಳನ್ನು ಬಳಸುವುದಾಗಿ 1983ರಲ್ಲಿ ಬರೆದ ಪತ್ರವೂ ಇದರಲ್ಲಿದೆ. ವಿಜ್ಞಾನದ ವರದಿಗಳನ್ನು ಮೊದಲು ವಕೀಲರಿಗೆ ಕಳುಹಿಸಿ, ವಕೀಲರ ಮೂಲಕ ಹಾಯಿಸಿದರೆ ಅವು 'ಗೋಪ್ಯ'ವಾಗುತ್ತವೆಂಬ ಉಪಾಯವನ್ನು ಕಂಪೆನಿಯವರು ಯೋಚಿಸಿದ್ದರೆಂಬುದಕ್ಕೆ ಆ ಕಾಗದಗಳೇ ಸಾಕ್ಷಿ.

ಇವೆಲ್ಲಕ್ಕಿಂತಲೂ ಚರಿತ್ರಕಾರನ ಮನಸ್ಸನ್ನು ಸೆಳೆಯುವ ಕಾಗದವೊಂದಿದೆ. 1985ರ ಜನವರಿಯಲ್ಲಿ ಕಂಪೆನಿಯ ವಕೀಲ ಕೆಂಡ್ರಿಕ್ ವೆಲ್ಸ್ ಅವರು ಬರೆದ ಟಿಪ್ಪಣಿ ಅದು. ವೈಜ್ಞಾನಿಕ ಕಡತಗಳಲ್ಲಿ ಗುರುತುಮಾಡಿದ ಕೆಲವನ್ನು 'ಒಣಮರ' ಎಂದು ಘೋಷಿಸಿ, ಬೇಡದ ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವ ನೆಪದಿಂದ ದೇಶದ ಹೊರಗೆ ಸಾಗಿಸಿಬಿಡಬೇಕೆಂದು ಅದರಲ್ಲಿ ಸಲಹೆಯಿದೆ. ಈ ಕಾರ್ಯವನ್ನು ಕುರಿತು ಯಾರೂ ಟಿಪ್ಪಣಿಯನ್ನಾಗಲಿ ಪಟ್ಟಿಯನ್ನಾಗಲಿ ಮಾಡಿಕೊಳ್ಳಕೂಡದೆಂಬ ಎಚ್ಚರಿಕೆಯೂ ಇದೆ. ಪಟ್ಟಿ ಮಾಡಬೇಡಿರೆಂದು ಬರೆದ ಈ ಟಿಪ್ಪಣಿಯು ಮಾತ್ರ ಉಳಿಯಿತು! ಕಾಗದವನ್ನು ಇಲ್ಲವಾಗಿಸಲು ಇನ್ನೊಂದು ಕಾಗದ ಬೇಕಾಗುವುದು ದೊಡ್ಡ ಸಂಸ್ಥೆಗಳ ಪಾಡು. ಹಳೆಯ ಕಡತಗಳಲ್ಲಿ ಕೆಲಸಮಾಡಿದವರಿಗೆ ಇದು ಹೊಸದಲ್ಲ.

ಮೇ 25ರಂದು ನ್ಯಾಯಾಧೀಶ ಪೊಲ್ಯಾಕ್ ಅವರು ವಿಶ್ವವಿದ್ಯಾನಿಲಯದ ಪರವಾಗಿ ತೀರ್ಪಿತ್ತರು. ಕಾಗದಗಳ ಸಾರವು ಆಗಲೇ ದೇಶದಲ್ಲೆಲ್ಲ ಹರಡಿದ್ದಿತು. ಗ್ರಂಥಾಲಯದ ಪ್ರತಿಯನ್ನು ಕಿತ್ತುಕೊಂಡರೆ ಹೋದ ಗುಟ್ಟು ಮರಳಿ ಬರುವಂತಿರಲಿಲ್ಲ. ಅದರಿಂದ ಆಗಬಹುದಾದದ್ದು ಒಂದೇ, ಅಧ್ಯಯನ ಮಾಡುವವರಿಗೆ ಅಡ್ಡಿ. ಜನರ ಆರೋಗ್ಯಕ್ಕೆ ಸಂಬಂಧಿಸಿದ ವಿಷಯದಲ್ಲಿ ಅಂಥ ಅಡ್ಡಿಯನ್ನು ಒಡ್ಡಲು ನ್ಯಾಯಾಲಯವು ಮನಸ್ಸುಮಾಡಲಿಲ್ಲ. ಮೇಲ್ಮನವಿ ಹೋಯಿತು. ಜೂನ್ 29ರಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಗ್ರಂಥಾಲಯದವರು ಅಷ್ಟರಲ್ಲಿ ಪುಟಗಳನ್ನೆಲ್ಲ ಚಿತ್ರರೂಪಕ್ಕೆ ಇಳಿಸಿ ಸಿದ್ಧವಾಗಿಟ್ಟಿದ್ದರು. ಜುಲೈ ತಿಂಗಳು ಹುಟ್ಟುವ ಹೊತ್ತಿಗೆ ಅವು ಅಂತರಜಾಲದಲ್ಲಿ ಕಾಣಿಸಿಕೊಂಡವು. ಅಂತರಜಾಲವೆಂಬುದು ಆಗ ಬಹುಮಂದಿಗೆ ಹೆಸರು ಮಾತ್ರವಾಗಿದ್ದ ಕಾಲ. ಗ್ರಂಥಾಲಯವೊಂದು ತನ್ನ ಪತ್ರಾಗಾರದ ಪೆಟ್ಟಿಗೆಯನ್ನು ಹೀಗೆ ಜಗತ್ತಿನ ಮುಂದೆ ಬಿಚ್ಚಿಟ್ಟದ್ದು ಗ್ರಂಥಾಲಯಗಳ ಚರಿತ್ರೆಯಲ್ಲಿಯೂ ಗಮನಾರ್ಹವಾದ ಘಟನೆ.

ಈ ಮೊಕದ್ದಮೆಯಿಂದ ಕಂಪೆನಿಯು ತಾನೇ ಉಂಟುಮಾಡಿಕೊಂಡ ಒಂದು ನಷ್ಟವನ್ನು ಇಲ್ಲಿ ಹೇಳಬೇಕು. ಹೆಸರಿಲ್ಲದವನು ಕಳುಹಿಸಿದ ಪೆಟ್ಟಿಗೆಯ ವಿಷಯದಲ್ಲಿ ವಿದ್ವಾಂಸನು ಕೇಳಬೇಕಾದ ಮೊದಲ ಪ್ರಶ್ನೆ, ಇದು ಅಸಲೋ ಕೃತಕವೋ ಎಂಬುದು. ಅಂಚೆಯ ಪೆಟ್ಟಿಗೆಯ ಮೇಲೆ ವ್ಯಂಗ್ಯಚಿತ್ರದ ಹೆಸರು. ಒಳಗೆ ನೆರಳಚ್ಚು ಪ್ರತಿಗಳು. ಮೂಲಗಳು ಶತ್ರುಪಕ್ಷದ ಬೀರುವಿನಲ್ಲಿ. ಸಂಶಯಕ್ಕೆ ಇದಕ್ಕಿಂತ ಹೆಚ್ಚಿನ ಅವಕಾಶ ಬೇಕೆ? ನಕಲಿ ತಾಮ್ರಶಾಸನಗಳ ಕಾಟವನ್ನು ಅನುಭವಿಸಿದ ನಮಗೆ ಈ ಸಂಶಯದ ಬೆಲೆ ಗೊತ್ತು. ಆದರೆ 'ಇವು ನಮ್ಮ ಕಚೇರಿಯಿಂದ ಕದ್ದವು, ನಮಗೆ ಕೊಡಿ' ಎಂದು ಕಂಪೆನಿಯು ನ್ಯಾಯಾಲಯದಲ್ಲಿ ಕೇಳಿದೊಡನೆಯೇ ಆ ಪ್ರಶ್ನೆ ಬಗೆಹರಿಯಿತು. ಸುಮ್ಮನಿದ್ದಿದ್ದರೆ ಅವರು ಸಂಶಯವನ್ನು ಹಲವು ವರ್ಷಗಳ ಕಾಲ ಸಾಕಿಕೊಂಡಿರಬಹುದಾಗಿದ್ದಿತು.

ಜುಲೈ 19ರಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯು ಈ ಕಾಗದಗಳನ್ನು ಆಧರಿಸಿದ ಐದು ಲೇಖನಗಳನ್ನು ಒಟ್ಟಿಗೆ ಪ್ರಕಟಿಸಿತು. ಗ್ಲಾಂಟ್ಸ್ ಮತ್ತು ಅವರ ಸಹೋದ್ಯೋಗಿಗಳು ಬರೆದ 'ದಿ ಸಿಗರೆಟ್ ಪೇಪರ್ಸ್' ಎಂಬ ಗ್ರಂಥವನ್ನು 1996ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಹೊರತಂದಿತು. ಇದರ ನಡುವೆ, 1995ರಲ್ಲಿ, ಗ್ಲಾಂಟ್ಸ್ ಅವರಿಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಬರುತ್ತಿದ್ದ ಸಂಶೋಧನ ವೇತನವನ್ನು ನಿಲ್ಲಿಸಬೇಕೆಂದು ಪ್ರತಿನಿಧಿಸಭೆಯ ಹಣಕಾಸು ಸಮಿತಿಯಲ್ಲಿ ಪ್ರಯತ್ನ ನಡೆಯಿತು.

ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. ಮಿನೆಸೋಟ ರಾಜ್ಯವು ಹೂಡಿದ ಮೊಕದ್ದಮೆಯಲ್ಲಿ ಕಂಪೆನಿಗಳು ಕೋಟಿಗಟ್ಟಲೆ ಪುಟಗಳನ್ನು ಒಪ್ಪಿಸಬೇಕಾಯಿತು. ಗೋಪ್ಯವೆಂದು ತಡೆಹಿಡಿದಿದ್ದ ಸುಮಾರು 39,000 ದಸ್ತಾವೇಜುಗಳನ್ನು 1998ರ ಏಪ್ರಿಲಿನಲ್ಲಿ ಅಂತರಜಾಲಕ್ಕೆ ಹಾಕಿಸಿದವರು ಬೇರೆ ಯಾರೂ ಅಲ್ಲ, ವರ್ಜೀನಿಯಾದ ಅದೇ ಥಾಮಸ್ ಬ್ಲೈಲಿ ಅವರು. ಆ ಹೊತ್ತಿಗೆ ಗಾಳಿ ಅಷ್ಟು ತಿರುಗಿದ್ದಿತು. ಮೇ ತಿಂಗಳಿನ ಒಪ್ಪಂದದ ಪ್ರಕಾರ ಮಿನಿಯಾಪೊಲಿಸ್ ನಗರದಲ್ಲಿಯೂ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿಯೂ ಕಾಗದಗಳ ಉಗ್ರಾಣಗಳು ಏರ್ಪಟ್ಟವು. ನವೆಂಬರಿನಲ್ಲಿ 46 ರಾಜ್ಯಗಳೊಡನೆ ಆದ ದೊಡ್ಡ ಒಪ್ಪಂದದಲ್ಲಿ ಕಂಪೆನಿಗಳು 25 ವರ್ಷಗಳಲ್ಲಿ 20,600 ಕೋಟಿ ಡಾಲರುಗಳನ್ನು ಕೊಡಲು ಒಪ್ಪಿದುದರ ಜೊತೆಗೆ, ತಮ್ಮ ಕಾಗದಗಳನ್ನು ಅಂತರಜಾಲದಲ್ಲಿ ತಾವೇ ಇರಿಸಲೂ ಒಪ್ಪಿದವು. 2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಅವರು ಈ ಕಂಪೆನಿಗಳು ಜನರನ್ನು ದಶಕಗಳ ಕಾಲ ವಂಚಿಸಿದವೆಂದು 1,600 ಪುಟಗಳಿಗೂ ಮಿಕ್ಕ ತೀರ್ಪನ್ನು ಬರೆದಾಗ ಅದಕ್ಕೆ ಆಧಾರವಾಗಿದ್ದುದು ಬಹುಮಟ್ಟಿಗೆ ಇಂಥ ಕಾಗದಗಳೇ. ಸ್ಯಾನ್ ಫ್ರಾನ್ಸಿಸ್ಕೋದ ಅದೇ ಗ್ರಂಥಾಲಯದ ಸಂಗ್ರಹದಲ್ಲಿ ಇಂದು 1 ಕೋಟಿ 40 ಲಕ್ಷಕ್ಕೂ ಹೆಚ್ಚು ತಂಬಾಕಿನ ದಸ್ತಾವೇಜುಗಳಿವೆ. ಬ್ರೌನ್ ಅಂಡ್ ವಿಲಿಯಮ್ಸನ್ 2004ರಲ್ಲಿ ಆರ್. ಜೆ. ರೆನಾಲ್ಡ್ಸ್ ಕಂಪೆನಿಯೊಡನೆ ಸೇರಿಹೋಯಿತು.

ಇದನ್ನು ಓದಿ, ಬೆಳಕು ಕತ್ತಲೆಯನ್ನು ಗೆದ್ದಿತೆಂದು ಸಮಾಧಾನಪಟ್ಟುಕೊಳ್ಳುವವರ ಗುಂಪಿಗೆ ನಾನು ಸೇರಲಾರೆ. ಕೊಟ್ಟ ಕಾಗದಗಳನ್ನು ಹಿಂದಕ್ಕೆ ಪಡೆಯುವುದು ಕಷ್ಟವೆಂದು ತಿಳಿದ ಮೇಲೆ ಸಂಸ್ಥೆಗಳು ಕಲಿಯುವ ಪಾಠ ಬೇರೆ. 2002ರ ಮಾರ್ಚಿಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನ್ಯಾಯಾಧೀಶ ಜೆಫ್ರಿ ಈಮ್ಸ್ ಅವರು, ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊವಿನ ಅಲ್ಲಿಯ ಶಾಖೆಯು ಮೊಕದ್ದಮೆಗಳನ್ನು ನಿರೀಕ್ಷಿಸಿ ಸಾವಿರಾರು ದಸ್ತಾವೇಜುಗಳನ್ನು ನಾಶಮಾಡಿತೆಂದು ನಿರ್ಣಯಿಸಿ, ಕಂಪೆನಿಯ ಪ್ರತಿವಾದವನ್ನೇ ತಳ್ಳಿಹಾಕಿದರು. ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಸುಮಾರು 7 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ಪರಿಹಾರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿತು. ನಾಶಮಾಡುವ ಕಾರ್ಯಕ್ರಮಕ್ಕೆ ಕಂಪೆನಿಯ ಭಾಷೆಯಲ್ಲಿ ಇದ್ದ ಹೆಸರು 'ದಸ್ತಾವೇಜು ರಕ್ಷಣನೀತಿ'. ಗಿಲ್ಡ್‌ಫರ್ಡ್‌ನ ಉಗ್ರಾಣವೂ ಕಂಪೆನಿಯ ಸ್ವಂತ ಆಡಳಿತದಲ್ಲಿಯೇ ಇದ್ದಿತು. ಸಂಶೋಧಕರಿಗೆ ಅಲ್ಲಿ ಪ್ರವೇಶವು ಸುಲಭವಾಗಿರಲಿಲ್ಲ.

ಓದುಗನ ಮೇಲಿನ ಕಣ್ಣೂ ಮುಚ್ಚಿದಂತೆ ಕಾಣುವುದಿಲ್ಲ. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಚರಿತ್ರಕಾರ ರಾಬರ್ಟ್ ಪ್ರಾಕ್ಟರ್ ಅವರು ಈ ಕಾಗದಗಳನ್ನು ಆಧರಿಸಿ ಗ್ರಂಥವೊಂದನ್ನು ರಚಿಸುತ್ತಿದ್ದಾಗ, ಇನ್ನೂ ಅಚ್ಚಾಗದಿದ್ದ ಹಸ್ತಪ್ರತಿಯನ್ನು ಒಪ್ಪಿಸಬೇಕೆಂದು 2009ರಲ್ಲಿ ತಂಬಾಕು ಕಂಪೆನಿಯ ಕಡೆಯಿಂದ ಸಮನ್ಸು ಬಂದಿತು. ಅವರು ಮೊಕದ್ದಮೆಗಳಲ್ಲಿ ತಂಬಾಕು ಕಂಪೆನಿಗಳ ವಿರುದ್ಧ ಸಾಕ್ಷಿ ನುಡಿಯುತ್ತಿದ್ದವರು. ಕಂಪೆನಿಗಳ ಪರವಾಗಿ ಸಾಕ್ಷಿ ನುಡಿದ ಚರಿತ್ರಕಾರರೂ ಅಮೆರಿಕದಲ್ಲಿ ಹಲವರಿದ್ದಾರೆ. ನಮ್ಮ ವೃತ್ತಿಯವರು ಈ ವ್ಯವಹಾರದಲ್ಲಿ ಒಂದೇ ಪಕ್ಷದಲ್ಲಿ ನಿಂತರೆಂದು ಹೇಳುವಂತಿಲ್ಲ.

ಬಹಿರಂಗವಾದುದನ್ನು ಮರಳಿ ಮುಚ್ಚಲು ಮಾಡಿದ ಇತರ ಪ್ರಯತ್ನಗಳೂ ಉಂಟು. ಸ್ವಿಟ್ಸರ್ಲೆಂಡಿನ ಜೂಲಿಯಸ್ ಬೇರ್ ಬ್ಯಾಂಕು ತನ್ನ ಕಾಗದಗಳನ್ನು ಪ್ರಕಟಿಸಿದ ವಿಕಿಲೀಕ್ಸ್ ಸಂಸ್ಥೆಯ ಅಂತರಜಾಲದ ವಿಳಾಸವನ್ನೇ ಮುಚ್ಚಿಸಲು 2008ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯದಿಂದ ಆದೇಶ ಪಡೆಯಿತು. ಎರಡು ವಾರಗಳಲ್ಲಿ ಅದೇ ನ್ಯಾಯಾಧೀಶರು ಅದನ್ನು ಹಿಂತೆಗೆದುಕೊಂಡರು. ಮತಯಂತ್ರಗಳನ್ನು ತಯಾರಿಸುವ ಡಿಬೋಲ್ಡ್ ಕಂಪೆನಿಯು ತನ್ನ ಒಳಪತ್ರಗಳನ್ನು ಪ್ರಕಟಿಸಿದ ವಿದ್ಯಾರ್ಥಿಗಳನ್ನು ತಡೆಯಲು 2003ರಲ್ಲಿ ಕೃತಿಸ್ವಾಮ್ಯದ ಕಾನೂನನ್ನು ಬಳಸಿತು. ಅದು ಕಾನೂನಿನ ದುರುಪಯೋಗವೆಂದು 2004ರಲ್ಲಿ ತೀರ್ಪಾಗಿ, ಕಂಪೆನಿಯು 1,25,000 ಡಾಲರುಗಳನ್ನು ತೆರಬೇಕಾಯಿತು. ಸ್ವತ್ತು, ಗೋಪ್ಯತೆ, ಕೃತಿಸ್ವಾಮ್ಯ ಎಂದು ವಾದದ ಹೆಸರು ಬದಲಾದರೂ ಬೇಡಿಕೆ ಬದಲಾಗಿಲ್ಲ.

ಕನ್ನಡನಾಡಿನ ಚರಿತ್ರೆಯ ವಿದ್ಯಾರ್ಥಿಗೆ ಈ ಸಂಗ್ರಹದಲ್ಲಿ ಕೆಲಸವಿದೆಯೆ? ಇದೆಯೆಂದು ನನ್ನ ಅಭಿಪ್ರಾಯ. ಬ್ರೌನ್ ಅಂಡ್ ವಿಲಿಯಮ್ಸನ್‌ನ ಒಡೆಯನಾಗಿದ್ದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಸಂಸ್ಥೆಯೇ 1910ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಇಂಪೀರಿಯಲ್ ಟೊಬ್ಯಾಕೊ ಕಂಪೆನಿಯ ಹಿಂದೆಯೂ ಇದ್ದದ್ದು. ಇಂದಿನ ಐ.ಟಿ.ಸಿ. ಎಂಬುದು ಅದೇ. ಅದರ ಸಿಗರೇಟು ಕಾರ್ಖಾನೆಯು 1910ರ ದಶಕದಲ್ಲಿಯೇ ಬೆಂಗಳೂರಿನಲ್ಲಿ ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪುಮಣ್ಣಿನ ಹೊಲಗಳಲ್ಲಿ ಮಳೆಯನ್ನು ನಂಬಿ ಬೆಳೆಯುವ ಹೊಗೆಸೊಪ್ಪು, ಬ್ಯಾರನ್ನುಗಳಲ್ಲಿ ಸೌದೆಯ ಶಾಖಕ್ಕೆ ಹದವಾಗಿ, ಹರಾಜುಕಟ್ಟೆಗೆ ಬಂದು, ಅಲ್ಲಿಂದ ಹೊರದೇಶಗಳಿಗೆ ಹೋಗುತ್ತದೆ. ಎಲೆಯ ಗುಣವೇನು, ನಿಕೋಟಿನ್ ಎಷ್ಟು, ಯಾವ ದೇಶದ ಎಲೆ ಅಗ್ಗ, ಯಾವ ಸರ್ಕಾರದ ತೆರಿಗೆ ಹೇಗೆ ಎಂಬ ಲೆಕ್ಕಾಚಾರ ನಡೆಯುತ್ತಿದ್ದುದು ಲಂಡನ್ನಿನ ಕಚೇರಿಗಳಲ್ಲಿ. ಗಿಲ್ಡ್‌ಫರ್ಡ್‌ನಿಂದ ನಕಲಾಗಿ ಬಂದ ಆ ಸಂಸ್ಥೆಯ ಕಾಗದಗಳಲ್ಲಿ ಭಾರತದ ಮಾರುಕಟ್ಟೆಯನ್ನು ಕುರಿತ ಪತ್ರವ್ಯವಹಾರವೂ ಸೇರಿದೆ. ಮೈಸೂರು ಸೀಮೆಯ ಕೃಷಿಚರಿತ್ರೆಯನ್ನು ಬರೆಯುವವರು ಕಂದಾಯ ಇಲಾಖೆಯ ವರದಿಗಳಲ್ಲಿಯೇ ನಿಂತರೆ ಈ ಪಕ್ಕ ಕಾಣದೆ ಹೋಗುತ್ತದೆ.

ಆದರೆ ಆ ಸಂಗ್ರಹವು ಅಮೆರಿಕದ ನ್ಯಾಯಾಲಯಗಳ ಆದೇಶಗಳಿಂದ ಆದದ್ದು. ಭಾರತದಲ್ಲಿರುವ ಕಂಪೆನಿಗಳ ಸ್ವಂತ ದಫ್ತರಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಲಂಡನ್ನಿಗೆ ಹೋದ ಪತ್ರದ ಪ್ರತಿ ಅಲ್ಲಿ ಸಿಕ್ಕೀತು. ಇಲ್ಲಿಯೇ ಉಳಿದ ಪತ್ರ ಸಿಗದು. ಬ್ಯಾರನ್ನಿನ ಒಲೆಗೆ ಎಷ್ಟು ಗಾಡಿ ಸೌದೆ ಬಿದ್ದಿತು, ಯಾವ ವರ್ಷ ಯಾವ ದರ್ಜೆಯ ಎಲೆಗೆ ಏನು ಬೆಲೆ ಬಂದಿತು, ಸಾಲ ಎಲ್ಲಿಂದ ತಂದದ್ದು ಎಂಬುದು ಬೆಳೆಗಾರರ ಮನೆಗಳ ಹಳೆಯ ಚೀಟಿಗಳಲ್ಲಿಯೂ ಲೆಕ್ಕದ ಪುಸ್ತಕಗಳಲ್ಲಿಯೂ ಇದೆ. ಅವನ್ನು ಯಾವ ಕಂಪೆನಿಯೂ ಹಿಂದಕ್ಕೆ ಕೇಳಿಲ್ಲ. ಇಲಿ ಗೆದ್ದಲುಗಳು ಮಾತ್ರ ಕೇಳುತ್ತಿವೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಮುಂದಿನ ಬೇಸಗೆಯಲ್ಲಿ ಹುಣಸೂರು ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಇಂಥ ಚೀಟಿಗಳ ಪಟ್ಟಿಯನ್ನು ಮಾಡಲು ಯೋಚಿಸಿದ್ದಾರೆ. ಅದು ಸಿದ್ಧವಾದ ಬಳಿಕ ಈ ಸಂಚಿಕೆಯಲ್ಲಿಯೇ ಪ್ರಕಟವಾಗುವುದು.